ಮಗಳ ಕಂಪನಿಯ ಮಾತ್ರೆ

ಫೆಬ್ರವರಿ ೯

ಅಮ್ಮ,

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ. ಇಷ್ಟು ದಿನ ಕಾಗದ ಬರೆಯದಿದ್ದದ್ದಕ್ಕೆ ನಿನ್ನ ಬೈಗುಳ ಆಮೇಲೆ ಕೇಳಿಸಿಕೊಳ್ಳುತ್ತೇನೆ. ಕಂಪನಿಯವರು ನನಗೆ ದೊಡ್ಡ ಏರಿಯಾ ಕೊಟ್ಟಿದ್ದಾರೆ. ಕೆಮ್ಮಿನ ಸಿರಪ್ಪಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಡಾಕ್ಟರುಗಳ ಬಾಗಿಲು ಕಾಯುತ್ತಿದ್ದೆನಲ್ಲ, ಅದು ಮುಗಿಯಿತು. ಈಗ ನಾನು ಮಾರುವುದು ಕರುಳಿನ ಸೋಂಕಿನ ಮಾತ್ರೆ. ನಗಬೇಡ! ಬಾಯಿಬಿಟ್ಟು ಹೇಳಿಕೊಳ್ಳಲು ನಾಚುವ ಕಾಯಿಲೆಗೆ ಯಾರೂ ಚೌಕಾಸಿ ಮಾಡುವುದಿಲ್ಲ ಎನ್ನುತ್ತಾರೆ ನಮ್ಮ ಮ್ಯಾನೇಜರ್. ಈ ವರ್ಷದಿಂದ ಅದರ ಬೆಲೆ ಮೂರು ಪಟ್ಟಾಗಿದೆ, ಅದಕ್ಕೆ ತಕ್ಕಂತೆ ನನ್ನ ಕಮಿಷನ್ನೂ ಏರಿದೆ.

ಈ ಔಷಧಿ ತಯಾರಿಸುವವರು ಮೊದಲು ನಾಲ್ಕೈದು ಕಂಪನಿಯವರಿದ್ದರು. ಕೆಲವರು ಬಿಟ್ಟರು, ಒಬ್ಬರನ್ನು ನಮ್ಮವರೇ ಕೊಂಡುಕೊಂಡರು. ಈಗ ಎದುರಿಗಿರುವುದು ಒಂದೇ ಒಂದು ಸಣ್ಣ ಕಂಪನಿ, ಹಳದಿ ಪೊಟ್ಟಣದ್ದು. ಅಂಗಡಿಗಳ ಕಪಾಟಿನಿಂದ ಆ ಹಳದಿ ಪೊಟ್ಟಣ ಇಳಿಸಿ ನಮ್ಮ ಹಸಿರು ಪೆಟ್ಟಿಗೆ ಏರಿಸಬೇಕು, ಇಷ್ಟೇ ನನ್ನ ಕೆಲಸ. "ಅಗ್ಗದ್ದು ಅಂತ ಸೀಮೆಸುಣ್ಣ ತಿನ್ನೋಕಾಗುತ್ತಾ ಸರ್?" ಅಂತ ಒಂದು ಮಾತು ಕಟ್ಟಿಕೊಂಡಿದ್ದೇನೆ. ಡಾಕ್ಟರುಗಳು ನಗುತ್ತಾರೆ. ನಕ್ಕ ಡಾಕ್ಟರು ಚೀಟಿ ಬರೆದೇ ಬರೆಯುತ್ತಾರೆ.

ಇದರ ಜೊತೆ ನಮ್ಮ ಮಾತ್ರೆಯ ಖಾಲಿ ಪೆಟ್ಟಿಗೆ ಕಳಿಸಿದ್ದೇನೆ. ಒಳಗೆ ಏನೂ ಇಲ್ಲ, ಹುಡುಕಬೇಡ. ನಿನ್ನ ಮಗಳು ಏನು ಮಾರುತ್ತಾಳೆ ಎಂದು ನಿನಗೆ ಗೊತ್ತಿರಲಿ ಅಂತ.

ನಿನ್ನ
ಚೂಟಿ


ಫೆಬ್ರವರಿ ೨೦

ಚೂಟಿ,

ಪೆಟ್ಟಿಗೆ ಬಂತು. ಹಾಸ್ಟೆಲಿನ ಅಡುಗೆಮನೆಯಲ್ಲಿ ಒಬ್ಬರನ್ನೂ ಬಿಡದೆ ತೋರಿಸಿದೆ. ತರಕಾರಿ ಇಳಿಸುವವನು ಚಾಕೊಲೇಟು ಅಂದುಕೊಂಡು ಕೈ ಚಾಚಿದ. ಪಾತ್ರೆ ತೊಳೆಯುವವಳ ನಾಲಿಗೆ ನಿನಗೆ ಗೊತ್ತೇ ಇದೆ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಹೆಗ್ಗಣ ಕಳಿಸಿದ ಖಾಲಿ ಡಬ್ಬೀನೂ ಮುದ್ದು" ಅಂದಳು. ಅನ್ನಲಿ ಬಿಡು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನ ಹಿತ್ತಲ ಗಿಡ ಡಾಕ್ಟರಿಗೇ ಮದ್ದು ಹೇಳಿಕೊಡುತ್ತದೆ ಅಂದೆ ನಾನು. ಮತ್ತೆ ಪಾತ್ರೆ ಉಜ್ಜಲು ಕೂತಳು.

ಈ ಶಾಲೆಯ ಊಟದ ಕೋಣೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಅಡುಗೆಯವಳ ಮಗಳು ಅನ್ನಿಸಿಕೊಂಡು ಉಂಡವಳು ನೀನು. ನಿನ್ನ ತಟ್ಟೆಗೆ ಒಂದು ತುಂಡು ಹೆಚ್ಚು ಬಿದ್ದರೆ ಉಳಿದ ಹುಡುಗಿಯರು ನನ್ನ ಮುಖ ನೋಡುತ್ತಿದ್ದರು, ಅದಕ್ಕೇ ನಿನಗೆ ಯಾವಾಗಲೂ ಒಂದು ಕಡಿಮೆಯೇ ಹಾಕುತ್ತಿದ್ದೆ. ಈಗ ಡಾಕ್ಟರುಗಳು ನಿನ್ನನ್ನು ಮೇಡಂ ಅನ್ನುತ್ತಾರೆ. ಪೆಟ್ಟಿಗೆಯನ್ನು ಕನ್ನಡಿಯ ಪಕ್ಕ ಇಟ್ಟಿದ್ದೇನೆ.

ಈ ವರ್ಷ ಹಾಸ್ಟೆಲಿಗೆ ಒಂದನೇ ಕ್ಲಾಸಿನ ಮಗುವೊಂದು ಬಂದಿದೆ. ತಾಯಿಯಿಲ್ಲ, ತಂದೆ ಲಾರಿ ಓಡಿಸುತ್ತಾನೆ. ಅನ್ನ ಮುಟ್ಟುವುದಿಲ್ಲ, ಬ್ರೆಡ್ಡು ಮುಟ್ಟುವುದಿಲ್ಲ, ಹಣ್ಣು ಮಾತ್ರ ತಿನ್ನುತ್ತದೆ. ಗಿಳಿಮರಿ ಎಂದು ಹೆಸರಿಟ್ಟಿದ್ದೇವೆ. ನಾನು ಸೇಬು ಹೆಚ್ಚುವ ಹೊತ್ತಿಗೆ ಸರಿಯಾಗಿ ಬಂದು ಮಣೆಯ ಪಕ್ಕ ನಿಲ್ಲುತ್ತಾಳೆ. ಬಾಯಿಗೇ ಇಡಬೇಕು, ಕೈಗೆ ಕೊಟ್ಟರೆ ಬೇಡ.

ಎರಡು ದಿನದಿಂದ ನನ್ನ ಹೊಟ್ಟೆ ಯಾಕೋ ಸರಿಯಿಲ್ಲ. ಹೊಸ ಟ್ಯಾಂಕಿನ ನೀರಿರಬೇಕು.

ನಿನ್ನ
ಅಮ್ಮ


ಮಾರ್ಚ್ ೧೪

ಚೂಟಿ,

ಬರೆಯಲು ನಾಚಿಕೆ. ಆದರೆ ಇದು ನಿನ್ನ ಕಸುಬಿನ ವಿಷಯ, ಅದಕ್ಕೇ ಬರೆಯುತ್ತೇನೆ. ಆ ಹೊಟ್ಟೆ ಕೆಟ್ಟದ್ದು ನೀರಿನಿಂದಲ್ಲ. ದಿನಕ್ಕೆ ಎಷ್ಟು ಸಲ ಓಡಿದೆನೋ ಲೆಕ್ಕವಿಲ್ಲ, ಜೊತೆಗೆ ರಕ್ತ. ವಾರ್ಡನ್ನಿಗೆ ಮೈಗೆ ಹುಷಾರಿಲ್ಲ ಎಂದಷ್ಟೇ ಹೇಳಿ ರಜೆ ಹಾಕಿದೆ. ಹಾಸಿಗೆ ಬಟ್ಟೆ ಎರಡು ಸಲ ಹಾಳಾಯಿತು. ಎಲ್ಲರೂ ಊಟ ಮುಗಿಸಿ ಮಲಗಿದ ಮಧ್ಯಾಹ್ನ ನಾನೇ ಒಗೆದು ಕೋಣೆಯೊಳಗೇ ಹಗ್ಗ ಕಟ್ಟಿ ಒಣಗಿಸಿದೆ. ಪಾತ್ರೆ ತೊಳೆಯುವವಳು ಕೇಳಿದ್ದಕ್ಕೆ ನೀರಿನ ಚೊಂಬು ಉರುಳಿತು ಅಂದೆ. ಈ ವಯಸ್ಸಿಗೆ ಇದೊಂದು ಬಾಕಿ ಇತ್ತು.

ಡಾಕ್ಟರು ಪರೀಕ್ಷೆ ಮಾಡಿಸಿ, ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಿ ಸೇರಿಕೊಂಡಿದೆ ಅಂದರು. ಎರಡು ಥರ ಮಾತ್ರೆ ಬರೆದರು. "ಮೊದಲ್ನೇದು ಬೇನೆ ನಿಲ್ಲಿಸುತ್ತೆ, ಎರಡನೇದು ಬೇರು ಕೀಳುತ್ತೆ. ಎರಡನೇದು ಹತ್ತು ದಿನ ಪೂರ್ತಿ ತಗೋಬೇಕು, ಅಡುಗೆ ಕೆಲಸದೋರು ನೀವು" ಅಂತ ಒತ್ತಿ ಹೇಳಿದರು. ಚೀಟಿ ನೋಡುತ್ತೇನೆ, ಎರಡನೆಯದು ನಿನ್ನ ಮಾತ್ರೆ! ನಿನ್ನ ಪೆಟ್ಟಿಗೆಯ ಮೇಲಿರುವ ಅದೇ ಹೆಸರು! ಅರ್ಧ ಹೊಟ್ಟೆನೋವು ಅಲ್ಲೇ ಇಳಿಯಿತು.

ಔಷಧಿ ಅಂಗಡಿಯವನು ಬೆಲೆ ಹೇಳಿ ನನ್ನ ಮುಖ ನೋಡಿದ. ನಾನು ಪರ್ಸು ತೆರೆದು ಮತ್ತೆ ಮುಚ್ಚಿದ್ದು ಅವನಿಗೆ ಕಂಡಿರಬೇಕು. "ಅಮ್ಮಾ, ಇದೇ ಔಷಧಿ ಬೇರೆ ಕಂಪನೀದಿದೆ. ಮೂರರಲ್ಲಿ ಒಂದು ಪಾಲು ರೇಟು. ಕೊಡ್ಲಾ?" ಅಂತ ಹಳದಿ ಪೊಟ್ಟಣ ತೆಗೆದ. ನನಗೆ ರೇಗಿತು. "ಸೀಮೆಸುಣ್ಣ ನಿಮ್ಮನೆಯವರಿಗೆ ತಿನ್ಸಪ್ಪ. ಆ ಹಸಿರು ಮಾತ್ರೆ ಮಾರೋದು ನನ್ನ ಮಗಳು" ಅಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಗತ್ತಿನಲ್ಲೇ ಹಸಿರು ಪೆಟ್ಟಿಗೆಯದ್ದನ್ನೇ ಕೊಂಡು ಬಂದೆ.

ಈಗ ಎಲ್ಲ ನಿಂತಿದೆ. ಕೆಲಸಕ್ಕೆ ಹೋಗುತ್ತಿದ್ದೇನೆ. ನಿನ್ನ ಮಾತ್ರೆ ಬಲು ಜೋರು.

ನಿನ್ನ
ಅಮ್ಮ


ಮಾರ್ಚ್ ೨೧

ಅಮ್ಮ, ನನ್ನ ರಾಣಿ ಅಮ್ಮ,

ಮೊನ್ನೆ ಮೀಟಿಂಗಿನಲ್ಲಿ ನಿನ್ನ ಕಾಗದದ ಕೊನೆಯ ಭಾಗ ಓದಿದೆ. (ಮೊದಲ ಭಾಗ ಓದಲಿಲ್ಲ, ಹೆದರಬೇಡ.) ಸೀಮೆಸುಣ್ಣದ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಎದ್ದು ನಿಂತು, "ಇವರ ತಾಯಿಯಂಥ ಗಿರಾಕಿ ಬೇಕು ನಮಗೆ" ಅಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಡಾಕ್ಟರುಗಳ ಹತ್ತಿರವೂ ಇದನ್ನೇ ಹೇಳು ಅಂದರು. ಈಗ ಹೋದಲ್ಲೆಲ್ಲ "ಸರ್, ನಮ್ಮಮ್ಮ ಗುಣ ಆಗಿದ್ದೇ ಈ ಮಾತ್ರೆಯಿಂದ" ಎಂದು ಶುರುಮಾಡುತ್ತೇನೆ. ಸುಳ್ಳಲ್ಲವಲ್ಲ.

ಆದರೆ ನೀನು ದುಡ್ಡು ಕೊಟ್ಟು ಕೊಂಡದ್ದು ನನಗೆ ಚುರುಕ್ಕೆಂದಿತು. ಮೊದಲಾದರೆ ಬ್ಯಾಗಿನ ತುಂಬ ಸ್ಯಾಂಪಲ್ ಇರುತ್ತಿತ್ತು, ಬೆಲೆ ಏರಿಸಿದ ಮೇಲೆ ಅದನ್ನು ನಿಲ್ಲಿಸಿದ್ದಾರೆ. ಒಂದು ಸಾಲು ಬರೆದಿದ್ದರೆ ಹಣ ಕಳಿಸುತ್ತಿದ್ದೆ. ಹತ್ತು ದಿನದ್ದೂ ತೆಗೆದುಕೊಂಡೆ ತಾನೆ?

ಮಾರ್ಚ್ ತಿಂಗಳ ಟಾರ್ಗೆಟ್ಟು ಕುತ್ತಿಗೆಗೆ ಬಂದಿದೆ. ಮುಂದಿನ ತಿಂಗಳು ಖಂಡಿತ ಬರುತ್ತೇನೆ.

ನಿನ್ನ
ಚೂಟಿ


ಏಪ್ರಿಲ್ ೧೨

ಚೂಟಿ,

ಬರುತ್ತೇನೆ ಅಂದವಳು ಇನ್ನೂ ಬರಲಿಲ್ಲ. ಪರವಾಗಿಲ್ಲ, ದುಡಿಯುವ ಕಾಲದಲ್ಲಿ ದುಡಿಯಬೇಕು.

ತೆಗೆದುಕೊಂಡೆ ಮಾರಾಯ್ತಿ, ತೆಗೆದುಕೊಂಡೆ. ಮಾತ್ರೆಯ ಲೆಕ್ಕ ಕೇಳುವುದಕ್ಕೆ ನೀನೇನು ನನ್ನ ತಾಯಿಯಾ?

ಇಲ್ಲಿ ಪರೀಕ್ಷೆಯ ಗಡಿಬಿಡಿ. ದೊಡ್ಡ ಹುಡುಗಿಯರು ಪುಸ್ತಕ ಹಿಡಿದುಕೊಂಡೇ ಊಟಕ್ಕೆ ಬರುತ್ತಾರೆ. ಸೆಕೆಗೆ ಬಿಸಿ ಅಡುಗೆ ಯಾರಿಗೂ ಸೇರುತ್ತಿಲ್ಲ, ಹೀಗಾಗಿ ಸಂಜೆ ಬುಟ್ಟಿಗಟ್ಟಲೆ ಹಣ್ಣು ಹೆಚ್ಚುತ್ತೇನೆ. ಕಲ್ಲಂಗಡಿ ಹೆಚ್ಚಿ ಹೆಚ್ಚಿ ಬೆರಳ ತುದಿ ಸುಕ್ಕಾಗಿದೆ. ಗಿಳಿಮರಿ ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಳು. ಈ ವಾರ ಮತ್ತೆ ಸಪ್ಪಗಿದ್ದಾಳೆ, ಹಣ್ಣೂ ಬೇಡ ಅನ್ನುತ್ತಾಳೆ. ಅಪ್ಪ ಬರಲಿಲ್ಲ ಎಂಬ ಬೇಸರವಿರಬೇಕು.

ನೀನು ಹೊಸ ಗಾಡಿ ಕೊಂಡೆಯಂತೆ. ನಿಧಾನ ಓಡಿಸು.

ನಿನ್ನ
ಅಮ್ಮ


ಮೇ ೬

ನಿಮಗೆ,

ನಾನು ನಿಮ್ಮ ತಾಯಿ ಕೆಲಸ ಮಾಡುವ ಶಾಲೆಯ ವಾರ್ಡನ್. ನೀವು ಇಲ್ಲಿ ಓದುವಾಗ ನಾನಿನ್ನೂ ಬಂದಿರಲಿಲ್ಲ, ಆದ್ದರಿಂದ ನನ್ನ ಪರಿಚಯ ನಿಮಗಿರಲಾರದು. ನಿಮಗೆ ತಿಳಿಸಬಾರದೆಂದು ನಿಮ್ಮ ತಾಯಿ ನನ್ನ ಕೈ ಹಿಡಿದು ಕೇಳಿಕೊಂಡಿದ್ದಾರೆ. ಆದರೂ ಬರೆಯುತ್ತಿದ್ದೇನೆ, ಬರೆಯದೆ ಬೇರೆ ದಾರಿಯಿಲ್ಲ.

ಕಳೆದ ತಿಂಗಳು ನಮ್ಮ ಹಾಸ್ಟೆಲಿನ ಆರು ಮಕ್ಕಳಿಗೆ ರಕ್ತಭೇದಿ ಶುರುವಾಯಿತು. ನಾಲ್ವರು ಬೇಗ ಚೇತರಿಸಿಕೊಂಡರು. ಇಬ್ಬರು ಆಸ್ಪತ್ರೆಯಲ್ಲಿದ್ದಾರೆ. ಅವರಲ್ಲಿ ಒಂದನೇ ತರಗತಿಯ ಮಗುವಿನ ಸ್ಥಿತಿ ಒಂದು ವಾರ ನಮ್ಮನ್ನೆಲ್ಲ ನಡುಗಿಸಿತು. ಅಡುಗೆಮನೆಯವರೆಲ್ಲರಿಗೂ ಪರೀಕ್ಷೆ ಮಾಡಿಸಿದೆವು. ನಿಮ್ಮ ತಾಯಿಯವರಲ್ಲಿ ಆ ಸೋಂಕು ಇನ್ನೂ ಇದೆ. ಅವರಿಗೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ, ಆದರೆ ಅವರ ಕೈಯಿಂದ ಅದು ಹರಡಿದೆ.

ಮಾರ್ಚಿನಲ್ಲಿ ಹತ್ತು ದಿನದ ಮಾತ್ರೆ ಬರೆದುಕೊಟ್ಟಿದ್ದೆ ಎನ್ನುತ್ತಾರೆ ಡಾಕ್ಟರು. ಪೂರ್ತಿ ತೆಗೆದುಕೊಂಡಿರಾ ಎಂದು ನಾನು ಕೇಳಿದರೆ ನಿಮ್ಮ ತಾಯಿ ಗೋಡೆ ನೋಡುತ್ತಾರೆ. ಸೋಂಕು ಹೋಗಿದೆ ಎಂಬ ವರದಿ ಬರುವವರೆಗೆ ಅವರನ್ನು ಅಡುಗೆಮನೆಗೆ ಬಿಡುವಂತಿಲ್ಲ. ಕೋಣೆಯಲ್ಲಿ ಇರಲಿ ಎಂದಿದ್ದೇನೆ, ಸಂಬಳ ಕೊಡಿಸಲು ನನ್ನಿಂದ ಆಗಲಿಲ್ಲ. ಯಾರೊಂದಿಗೂ ಮಾತಿಲ್ಲ, ಊಟ ಬಾಗಿಲಲ್ಲಿಟ್ಟರೆ ಹಾಗೇ ಇರುತ್ತದೆ. ದಯವಿಟ್ಟು ಒಮ್ಮೆ ಬನ್ನಿ.

ಇತಿ,
ವಾರ್ಡನ್


ಮೇ ೯

ಅಮ್ಮ,

ವಾರ್ಡನ್ ಬರೆದಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡ.

ಎಷ್ಟು ಮಾತ್ರೆ ತೆಗೆದುಕೊಂಡೆ? ಈಗಲಾದರೂ ನಿಜ ಹೇಳು. ನನ್ನ ಹತ್ತಿರ ತೆಗೆದುಕೊಂಡೆ ಎಂದು ಬರೆದೆಯಲ್ಲ! ಮಕ್ಕಳಿಗೆ ಹಣ್ಣು ಹೆಚ್ಚಿ ಬಾಯಿಗಿಡುವವಳು ನೀನು, ನಿನಗೆ ತಿಳಿಯಬಾರದಿತ್ತೇ? ಡಾಕ್ಟರು ಒತ್ತಿ ಹೇಳಿದ್ದರು ಎಂದು ನೀನೇ ಬರೆದಿದ್ದೆ. ಹಣ ಸಾಲದಿದ್ದರೆ ಆ ಅಂಗಡಿಯವನು ಕೊಟ್ಟ ಹಳದಿ ಪೊಟ್ಟಣ ತೆಗೆದುಕೊಳ್ಳುವುದಕ್ಕೆ ಏನಾಗಿತ್ತು? ಎರಡೂ ಒಂದೇ ಔಷಧಿ ಅಮ್ಮ. ಬಣ್ಣ ಬೇರೆ, ಪೆಟ್ಟಿಗೆ ಬೇರೆ, ಅಷ್ಟೆ. ಇದು ಸಣ್ಣ ಮಕ್ಕಳಿಗೂ ಗೊತ್ತಿರುತ್ತದೆ.

ಮೇಲಿನದನ್ನು ಬರೆದು ಅರ್ಧ ದಿನವಾಯಿತು. ಹರಿದು ಹಾಕಬೇಕೆಂದು ನಾಲ್ಕು ಸಲ ಕೈಗೆತ್ತಿಕೊಂಡೆ. ಹರಿಯಲಿಲ್ಲ. ಸಣ್ಣ ಮಕ್ಕಳಿಗೆ ಗೊತ್ತಿರುವುದು ನಿನಗೆ ಯಾಕೆ ಗೊತ್ತಿರಲಿಲ್ಲ ಎಂದು ನನಗೆ ಗೊತ್ತು.

ಊಟ ಮಾಡು.

ಚೂಟಿ


ಮೇ ೧೬

ಚೂಟಿ,

ಫೋನ್ ಮಾಡಲೇ ಎಂದು ವಾರ್ಡನ್ ಹತ್ತಿರ ಕೇಳಿಸಿದ್ದೆಯಂತೆ. ಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ಕಾಗದದಲ್ಲಾದರೆ ನಿಧಾನವಾಗಿ ನಿಜ ಬರೆಯಬಹುದು.

ನಾಲ್ಕು ದಿನಕ್ಕಾಗುವಷ್ಟು ಕೊಂಡೆ. ಕೈಯಲ್ಲಿದ್ದದ್ದು ಅಷ್ಟಕ್ಕೇ ಬಂತು. ಉಳಿದದ್ದನ್ನು ಸಂಬಳ ಬಂದ ಮೇಲೆ ಎಂದುಕೊಂಡೆ. ಅಂಗಡಿಯವನ ಮುಂದೆ ಅಷ್ಟು ಜಂಬ ಕೊಚ್ಚಿ, ಕೊನೆಗೆ ಪೆಟ್ಟಿಗೆ ಒಡೆಸಿ ಪಟ್ಟಿ ಕತ್ತರಿಸಿ ಕೊಡಪ್ಪ ಅಂದೆ ನೋಡು, ಆ ಸಾಲು ನಿನಗೆ ಬರೆದಿರಲಿಲ್ಲ. ಅವನು ಏನೂ ಅನ್ನದೆ ಕತ್ತರಿಸಿದ. ಅಂದಿದ್ದರೆ ವಾಸಿ ಇತ್ತು.

ಸಂಬಳ ಬರುವ ಹೊತ್ತಿಗೆ ಎಲ್ಲ ನಿಂತಿತ್ತು. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ. ಗುಣವಾದ ಮೇಲೂ ಯಾರಾದರೂ ಅಷ್ಟು ದುಡ್ಡು ಕೊಟ್ಟು ಮಾತ್ರೆ ತಿನ್ನುತ್ತಾರಾ? ಚಪ್ಪಲಿ ಕಿತ್ತಿತ್ತು, ಚಪ್ಪಲಿ ಕೊಂಡೆ. ನಿನ್ನನ್ನು ಕೇಳಲಿಲ್ಲ, ಯಾಕೆಂದರೆ ಕೇಳಿದರೆ ನಿನ್ನ ಮಾತ್ರೆ ದುಬಾರಿ ಎಂದು ದೂರಿದ ಹಾಗಾಗುತ್ತಿತ್ತು. ಮಗಳಿಗೆ ಒಳ್ಳೆಯದಾಗಿರುವಾಗ ತಾಯಿಯಾದವಳು ಹಾಗೆ ದೂರಬಾರದು ಎಂದುಕೊಂಡೆ.

ಹಳದಿಯದ್ದೂ ಅದೇ ಔಷಧಿ ಎಂದು ನೀನು ಬರೆದದ್ದನ್ನು ಎರಡು ಮೂರು ಸಲ ಓದಿದೆ. ಹಾಗಾದರೆ ಅಂಗಡಿಯವನು ಹೇಳಿದ್ದು ನಿಜ. ಸೀಮೆಸುಣ್ಣ ಅಂದವಳು ನೀನು. ನಾನು ನಿನ್ನನ್ನು ನಂಬಿ ಅವನ ಮನೆಯವರನ್ನು ಬೈದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಸಿಟ್ಟಿದೆ. ಆದರೆ ಆ ಮಗುವಿನ ಬಾಯಿಗೆ ಇಟ್ಟ ಕೈ ನನ್ನದು. ಬೆಳಿಗ್ಗೆ ಎದ್ದರೆ ಅದೇ, ಮಲಗಿದರೆ ಅದೇ. ಸೋಪು ಹಾಕಿ ತಿಕ್ಕಿ ತಿಕ್ಕಿ ಕೈ ಸಿಪ್ಪೆ ಏಳುತ್ತಿದೆ.

ಪಾತ್ರೆ ತೊಳೆಯುವವಳು ಬಂದು ಬಾಗಿಲಲ್ಲಿ ಕೂರುತ್ತಾಳೆ. ಹಾಸ್ಯ ಮಾಡುವುದಿಲ್ಲ. ಅವಳು ಸುಮ್ಮನೆ ಕೂರುವುದನ್ನು ನೋಡಲಾಗುವುದಿಲ್ಲ.

ನಿನ್ನೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಅದೇ ಅಂಗಡಿಗೆ ಹೋಗಿ, ಹಳದಿಯದ್ದೇ ಕೊಡಪ್ಪ ಅಂದೆ. "ಅದು ಬರೋದು ನಿಂತು ಎರಡು ತಿಂಗಳಾಯ್ತಮ್ಮ. ಈಗ ಹಸಿರೊಂದೇ" ಅಂದ. ತಿರುಗಿ ಬಂದೆ.

ನಿನ್ನ
ಅಮ್ಮ


ಮೇ ೨೯

ಅಮ್ಮ,

ನಿನ್ನ ಕಾಗದ ಬಂದ ದಿನ ರಜೆ ಹಾಕಿದೆ. ನನ್ನ ಏರಿಯಾದಲ್ಲಾದರೂ ಹಳದಿ ಪೊಟ್ಟಣ ಸಿಗಬಹುದು, ಎರಡು ಮೂರು ಕೊಂಡು ಕಳಿಸೋಣ ಎಂದು ಅಂಗಡಿ ಅಂಗಡಿ ಅಲೆದೆ. ಬ್ಯಾಗು ಮನೆಯಲ್ಲೇ ಬಿಟ್ಟಿದ್ದೆ. ಎಲ್ಲರಿಗೂ ನನ್ನ ಗುರುತು. ಮೊದಲನೆಯವನು ಅದು ಜೋಕು ಎಂದುಕೊಂಡು ನಕ್ಕ. ಎರಡನೆಯವನು ನಾನು ಪರೀಕ್ಷೆ ಮಾಡಲು ಬಂದಿದ್ದೇನೆ ಎಂದು ಹೆದರಿ, "ಮೇಡಂ, ದೇವರಾಣೆ ಒಂದೂ ಇಟ್ಟಿಲ್ಲ, ಬೇಕಾದ್ರೆ ಕಪಾಟು ನೋಡಿ" ಎಂದು ಬಾಗಿಲು ತೆರೆದು ತೋರಿಸಿದ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂರುತ್ತಾರೆ. ಅವರು ಮಾತ್ರ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀನೇ ಅಲ್ವೇನಮ್ಮ ಹಳದೀದನ್ನ ವಾಪಸ್ ಕಳಿಸಿದ್ದು? ಹಸಿರಿನ ಜೊತೆ ನೀನು ಗಡಿಯಾರ ಕೊಟ್ಟೆಯಲ್ಲ, ಗೋಡೆ ಮೇಲಿದೆ ನೋಡು" ಅಂದರು. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವರ ಹತ್ತಿರವೇ ನಮ್ಮ ಹಸಿರು ಪೆಟ್ಟಿಗೆ ಕೊಂಡೆ. ಕೌಂಟರಿನ ಈಚೆ ನಿಂತು ಅದಕ್ಕೆ ದುಡ್ಡು ಕೊಟ್ಟದ್ದು ಇದೇ ಮೊದಲು. ಬೆಲೆ ನನಗೆ ಬಾಯಿಪಾಠವಿತ್ತು, ಆದರೂ ಕೊಡುವಾಗ ಬೇರೆ ಥರ ಕೇಳಿಸಿತು.

ಹತ್ತು ದಿನದ್ದೂ ಇದೆ. ಒಂದನ್ನೂ ಬಿಡಬೇಡ.

ಇನ್ನೂ ಎರಡು ವಿಷಯ ಹೇಳಬೇಕು, ಇವತ್ತಲ್ಲದಿದ್ದರೆ ಎಂದೂ ಹೇಳಲಾರೆ. ಪೆಟ್ಟಿಗೆಯನ್ನು ಅಂಚೆಗೆ ಹಾಕುವ ಬದಲು ನಾನೇ ತಂದುಕೊಡೋಣ ಎಂದು ಭಾನುವಾರ ಬಂದಿದ್ದೆ. ಶಾಲೆಯ ಗೇಟಿನವರೆಗೂ ಬಂದೆ. ರಜೆಗೂ ಹಾಸ್ಟೆಲಿನಲ್ಲೇ ಉಳಿದ ಮಕ್ಕಳು ಕೈ ತೊಳೆಯಲು ಸಾಲಾಗಿ ನಿಂತಿದ್ದರು, ಒಬ್ಬೊಬ್ಬರ ಕೈಗೂ ಯಾರೋ ಸೋಪು ಹಾಕುತ್ತಿದ್ದರು. ಅಲ್ಲಿನ ಊಟದ ಕೋಣೆಯಲ್ಲಿ ಉಂಡವಳು ನಾನು. ಒಳಗೆ ಬಂದು ಯಾರಿಗೆ ಮುಖ ತೋರಿಸಲಿ? ತಿರುಗಿ ಬಸ್ಸು ಹತ್ತಿದೆ. ಅದಕ್ಕೇ ಈಗ ಅಂಚೆಯಲ್ಲಿ ಬರುತ್ತಿದೆ.

ಎರಡನೆಯದು ಇನ್ನೂ ಕೀಳು. ವಾರ್ಡನ್ನರ ಕಾಗದ ಬಂದ ಮಾರನೆಯ ದಿನ ನನಗೆ ಒಬ್ಬ ದೊಡ್ಡ ಡಾಕ್ಟರ ಭೇಟಿ ಇತ್ತು. ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಆ ಹಸಿರು ಪೆಟ್ಟಿಗೆ ಮೇಜಿನ ಮೇಲಿಟ್ಟು, "ಸರ್, ನಮ್ಮಮ್ಮ ಗುಣ ಆಗಿದ್ದೇ ಈ ಮಾತ್ರೆಯಿಂದ" ಅಂದೆ. ಅಭ್ಯಾಸಬಲದಿಂದ ಬಾಯಿಗೆ ಬಂತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅಭ್ಯಾಸವಲ್ಲ ಅಮ್ಮ. ಹೇಳುವ ಮೊದಲು ಒಂದು ಕ್ಷಣ ಯೋಚಿಸಿದ್ದೆ. ಯೋಚಿಸಿಯೇ ಹೇಳಿದೆ. ಅವರು ಚೀಟಿ ಬರೆದರು.

ಕೆಲಸ ಬಿಡುತ್ತೇನೆ ಎಂದು ಬರೆಯಬೇಕೆಂದು ಕೂತಿದ್ದೆ. ಗಾಡಿಯ ಕಂತು ಮೂರು ವರ್ಷವಿದೆ. ಬರೆಯಲಾಗಲಿಲ್ಲ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ಇಲ್ಲ.

ಚೂಟಿ


ಜೂನ್ ೧೪

ಮಗಳೇ,

ಮಾತ್ರೆ ತಲುಪಿತು. ನೀನು ಸಿಟ್ಟಾಗುತ್ತೀಯ, ಆದರೂ ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಇನ್ನು ಮೇಲೆ ನಮ್ಮಿಬ್ಬರ ನಡುವೆ ಸಾಲು ಬಿಟ್ಟು ಬರೆಯುವುದು ಬೇಡ.

ಮಾತ್ರೆ ಬಂದ ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಅಷ್ಟು ದಿನವೂ ಹೋಗಬೇಕು ಹೋಗಬೇಕು ಎಂದುಕೊಂಡು ಗೇಟಿನವರೆಗೆ ಹೋಗಿ ಬರುತ್ತಿದ್ದೆ, ಅದರಲ್ಲಿ ನಾವಿಬ್ಬರೂ ಒಂದೇ. ಆ ದಿನ ಹೇಗೋ ಒಳಗೆ ಹೋದೆ. ಗಿಳಿಮರಿ ನಿದ್ದೆಯಲ್ಲಿದ್ದಳು. ಕೆನ್ನೆ ಒಳಗೆ ಹೋಗಿದೆ, ಕೂದಲು ಕತ್ತರಿಸಿಬಿಟ್ಟಿದ್ದಾರೆ, ಆದರೆ ಉಸಿರು ಚೆನ್ನಾಗಿತ್ತು. ಅಪಾಯ ಕಳೆಯಿತು, ನಾಳೆ ಮನೆಗೆ ಕಳಿಸುತ್ತೇವೆ ಎಂದರಂತೆ. ಅವಳ ತಂದೆ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ನಾನು ನಿಂತೇ ಹೇಳಿದೆ, "ನನ್ನ ಕೈಯಿಂದಾನೇ ಬಂದಿದ್ದಪ್ಪ ಇದು. ಅರ್ಧ ಔಷಧಿ ತಗೊಂಡು ಅಡುಗೆಮನೆಗೆ ಹೋದೆ."

ಅವನು ನನ್ನನ್ನು ನೋಡಲಿಲ್ಲ. "ಗೊತ್ತು, ವಾರ್ಡನಮ್ಮ ಹೇಳಿದ್ರು" ಅಂದ. ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ. ಸ್ಟೂಲು ನನ್ನ ಕಡೆ ನೂಕಿ ಕೂತ್ಕೊಳ್ಳಿ ಅಂದ.

ಅವನ ಅಂಗಿ ಜೇಬಿನಲ್ಲಿ ಚೀಟಿ ಇತ್ತು. ಮನೆಗೆ ಹೋದ ಮೇಲೆ ಕೊಡಬೇಕಾದ ಔಷಧಿ ಎಂದು ತೋರಿಸಿದ. ನಿನ್ನ ಮಾತ್ರೆಯೇ. ಮಗುವಿಗೆ ಅರ್ಧರ್ಧ, ಹತ್ತು ದಿನ. "ಎರಡು ದಿನದ್ದು ತಂದಿದೀನಿ. ಭೇದಿ ನಿಂತಿದೆಯಲ್ಲಮ್ಮ, ಉಳಿದಿದ್ದು ಬಾಡಿಗೆ ದುಡ್ಡು ಬಂದ್ಮೇಲೆ ತರ್ತೀನಿ" ಅಂದ. ನನ್ನ ಮಾತು ನನ್ನ ಕಿವಿಗೇ ಬಂದು ಬಿದ್ದಿತು. ಚೀಲದಿಂದ ನಿನ್ನ ಪೆಟ್ಟಿಗೆ ತೆಗೆದು ಅವನ ಕೈಗೆ ಕೊಟ್ಟೆ. ನರ್ಸನ್ನು ಕರೆದು ಚೀಟಿ ತೋರಿಸಿದೆ, ಅದೇ ಮಾತ್ರೆ, ಕೊಡಬಹುದು ಅಂದಳು. ಉಳಿಯುವ ಅರ್ಧ ನನಗಾಯಿತು ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮಂಚದ ಹುಡುಗಿಯ ಕಡೆ ಕಣ್ಣು ಹೋಯಿತು. ಅವಳೂ ನಮ್ಮ ಹಾಸ್ಟೆಲಿನವಳೇ, ಅವಳಿಗೂ ಬರೆದದ್ದು ಇದೇ ಮಾತ್ರೆ. ಅರ್ಧ ತಿಂದು ನಾನು ಒಮ್ಮೆ ಮಾಡಿದ್ದು ಸಾಕು ಎಂದು ಅದನ್ನು ಅವಳ ತಾಯಿಗೆ ಕೊಡಿಸಿದೆ.

ಹೀಗಾಗಿ ನಾನು ಇನ್ನೂ ಕೋಣೆಯಲ್ಲೇ ಇದ್ದೇನೆ. ವಾರ್ಡನ್ ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ, ಆಮೇಲೆ ಹೊಸಬರನ್ನು ತೆಗೆದುಕೊಳ್ಳಲೇಬೇಕು ಅಂದರು. ನೀನು ಇನ್ನೊಂದು ಪೆಟ್ಟಿಗೆ ಕಳಿಸುತ್ತೀಯ, ನನಗೆ ಗೊತ್ತು. ಈ ಸಲ ಬೇಡ ಅನ್ನುವುದಿಲ್ಲ. ನಿನ್ನ ಕೈಯಿಂದ ತಂದುಕೊಟ್ಟರೆ ಇನ್ನೂ ಒಳ್ಳೆಯದು. ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ಅನ್ನದ ವಿಷಯ, ನೀನೇ ಯೋಚಿಸು.

ಆದರೆ ಒಂದು ಮಾತು ಹೇಳದೆ ಈ ಕಾಗದ ಮುಗಿಸಲಾರೆ. ಅವಳ ತಂದೆ ಪೆಟ್ಟಿಗೆ ತಿರುಗಿಸಿ ತಿರುಗಿಸಿ ಬೆಲೆ ನೋಡಿದ. "ಈ ರೇಟು ಇಟ್ಟೋರ ಮನೇಲಿ ಯಾರ್ಗೂ ಹೊಟ್ಟೆನೋವು ಬರಲ್ವೇನೋ" ಅಂದ. ಸಿಟ್ಟಿನಿಂದಲ್ಲ, ಸುಮ್ಮನೆ ಆಶ್ಚರ್ಯದಿಂದ ಅಂದ. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಯಾರಮ್ಮ ಕೊಡ್ಸಿದ್ದು ಇದನ್ನ?" ಎಂದು ಕೇಳಿದ.

ಮಗಳು ಅಂದೆ.

"ಪುಣ್ಯವಂತೆ. ಏನ್ ಕೆಲಸ ಮಾಡ್ತಾರೆ?"

ತರಕಾರಿಯವನಿಂದ ಹಿಡಿದು ಔಷಧಿ ಅಂಗಡಿಯವರೆಗೆ ಊರಿಗೆಲ್ಲ ನಿನ್ನ ಕೆಲಸ ಸಾರಿಕೊಂಡು ಬಂದ ಬಾಯಿ ಇದು. ಅಲ್ಲಿ ಆ ಮಗುವಿನ ಮಂಚದ ಪಕ್ಕ ಕೂತು ಅದನ್ನು ಹೇಳಲಾಗಲಿಲ್ಲ, ಮಗಳೇ. ಬಟ್ಟೆ ಹೊಲಿಯುತ್ತಾಳೆ ಅಂದೆ.

"ಒಳ್ಳೇ ಕೆಲಸ" ಅಂದ ಅವನು. ನಾನು ಹೂಂ ಅಂದೆ.

ನಿನ್ನ
ಅಮ್ಮ